ಕಾಯಕ, ದಾಸೋಹ, ಸಿಎಸ್‌ಆರ್: ಎಥಿಕ್ಸ್ ಪೇಪರ್ ಓದ್ತಿರೋ ಪುಣೆ ಗೆಳೆಯರಿಗೆ

ಈ ಯೂನಿಟ್‌ನಲ್ಲಿ ಬಹಳ ಜನ ಆಧ್ಯಾತ್ಮಿಕ ಮೌಲ್ಯ ಅಂದ್ರೆ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಅಂತ ಬರೆದುಬಿಡ್ತಾರೆ. ಎರಡೂ ಬೇರೆ ನೋಡ್ರಿ. ಸಿಎಸ್‌ಆರ್ ಲಾಭ ಬಂದಮೇಲೆ ಶುರುವಾಗುತ್ತೆ, ಮೌಲ್ಯ ಆ ಲಾಭ ಹೇಗೆ ಬಂತು ಅಂತ ಕೇಳುತ್ತೆ.

ಕಾನೂನು ಬೇಗ ಮುಗಿಸೋಣ. 2013ರ ಕಂಪನಿ ಕಾಯ್ದೆ, ಸೆಕ್ಷನ್ 135. ನೆಟ್‌ವರ್ತ್ (ಸಾಲ ಕಳೆದು ಉಳಿಯೋ ಆಸ್ತಿ) 500 ಕೋಟಿ, ಇಲ್ಲ ಟರ್ನೋವರ್ (ವರ್ಷದ ವಹಿವಾಟು) 1000 ಕೋಟಿ, ಇಲ್ಲ ನಿವ್ವಳ ಲಾಭ 5 ಕೋಟಿ, ಇದ್ರಲ್ಲಿ ಒಂದು ಮುಟ್ಟಿದ್ರೂ ಹಿಂದಿನ 3 ವರ್ಷದ ಸರಾಸರಿ ಲಾಭದ 2% ಖರ್ಚು ಮಾಡಬೇಕು. ಬೇರೆ ಕಾನೂನು ಹೇಗೂ ಮಾಡಿಸೋ ಕೆಲಸ ಈ ಲೆಕ್ಕಕ್ಕೆ ಬರಲ್ಲ, ಇದನ್ನ ಅಂಡರ್‌ಲೈನ್ ಮಾಡ್ಕೊಳ್ರಿ.

ಈಗ ಆಯ್ದಕ್ಕಿ ಲಕ್ಕಮ್ಮ. 12ನೇ ಶತಮಾನದ ಕಲ್ಯಾಣದಲ್ಲಿ ಗಂಡ ಮಾರಯ್ಯ ಬಸವಣ್ಣನ ಮಹಾಮನೆ ಅಂಗಳದಲ್ಲಿ ಚೆಲ್ಲಿದ ಅಕ್ಕಿ ಆಯ್ದು ತರ್ತಿದ್ದ, ಅದೇ ಅವನ ಕಾಯಕ, ಅದರಿಂದಾನೇ ದಾಸೋಹ. ಒಂದಿನ ಜಾಸ್ತಿ ತಂದ. ಆಕೆ, ಇದು ನಮಗೆ ಬೇಡ, ವಾಪಸ್ ಸುರಿದು ಬಾ ಅಂದ್ಲು. ಜಾಸ್ತಿ ಬಂತಲ್ಲ, ಇನ್ನಷ್ಟು ಜನಕ್ಕೆ ಊಟ ಹಾಕೋಣ ಅನ್ನಲಿಲ್ಲ! ನನಗೆ ಇಡೀ ಸಿಲಬಸ್‌ನಲ್ಲಿ ಇದಕ್ಕಿಂತ ಗಟ್ಟಿ ಉದಾಹರಣೆ ಸಿಕ್ಕಿಲ್ಲ, ಯಾಕಂದ್ರೆ ದಾನ ಚೆನ್ನಾಗಿದ್ರೆ ಗಳಿಕೆಯ ತಪ್ಪು ಮುಚ್ಚಿಹೋಗಲ್ಲ ಅಂತ ಇದು ನೇರವಾಗಿ ಹೇಳುತ್ತೆ.

ಇದನ್ನ ಪುಣೆ ಪಕ್ಕದ ಭೋಸರಿ ಎಂಐಡಿಸಿಗೆ (ಕೈಗಾರಿಕಾ ಪ್ರದೇಶಕ್ಕೆ) ತನ್ನಿ. ಒಂದು ಪ್ಲೇಟಿಂಗ್ ಶಾಪ್ (ಪಾರ್ಟ್ಸ್‌ಗೆ ಲೋಹದ ಲೇಪ ಹಾಕೋ ಘಟಕ) ಅಂತ ಇಟ್ಕೊಳ್ರಿ, ಪಾರ್ಟ್ಸ್ ತೊಳೆದ ನೀರಲ್ಲಿ ಕ್ರೋಮಿಯಂ, ನಿಕ್ಕಲ್ ಇರುತ್ತೆ, ಅದನ್ನ ಇಟಿಪಿಯಲ್ಲಿ (ತ್ಯಾಜ್ಯನೀರು ಶುದ್ಧ ಮಾಡೋ ಘಟಕ) ಶುದ್ಧ ಮಾಡೋಕೆ ಕೆಮಿಕಲ್ ಬೇಕು, ಕರೆಂಟ್ ಬೇಕು, ಉಳಿದ ಕೆಸರನ್ನ ದುಡ್ಡು ಕೊಟ್ಟು ಸಾಗಿಸಬೇಕು, ರಾತ್ರಿ ಇಟಿಪಿ ಆಫ್ ಮಾಡಿ ನೀರು ನಾಲೆಗೆ ಬಿಟ್ರೆ ಅಷ್ಟೂ ಉಳಿತಾಯ. ಆ ನೀರು ನದಿ ಸೇರಿ ಕೊನೆಗೆ ಭೀಮೆಗೆ ಬೀಳುತ್ತೆ. ಭೀಮೆ ಉಜನಿ, ಪಂಢರಪುರ ದಾಟಿ ನಮ್ಮ ವಿಜಯಪುರ, ಕಲಬುರಗಿ ಕಡೆಗೇ ಬರೋದು. ಕೆಳಗಿನ ಊರಿನವರೂ ನಮ್ಮವರೇ ಅಂತ ಮಾಲೀಕನಿಗೆ ಅನಿಸುತ್ತಾ, ಇಲ್ವಾ ಅನ್ನೋದೇ ಇಲ್ಲಿ ಪ್ರಶ್ನೆ. ಒಳ್ಳೇತನದಿಂದ ಕಂಪನಿ ಇಮೇಜ್ ಬೆಳೆಯುತ್ತೆ ಅಂತ ಗೈಡ್‌ಗಳಲ್ಲಿ ಇರುತ್ತೆ, ಆ ವಾದ ನನಗೆ ಸಾಲದು, ರಾತ್ರಿ ಇಮೇಜ್ ನೋಡೋಕೆ ಯಾರೂ ಇರಲ್ಲ.

ಗಾಂಧೀಜಿಯ ಟ್ರಸ್ಟಿಶಿಪ್ ಎರಡು ಸಾಲು ಸಾಕು: ಸಂಪತ್ತು ಸಮಾಜದ್ದು, ಮಾಲೀಕ ಅದರ ಟ್ರಸ್ಟಿ. ಉದಾಹರಣೆಗೆ ಜಮ್ಷೆಡ್‌ಜಿ ಟಾಟಾ ಅವರ ನಾಗಪುರದ ಎಂಪ್ರೆಸ್ ಮಿಲ್ ಬರೀರಿ. 1877ರ ಮಿಲ್, 1886ಕ್ಕೇ ಪೆನ್ಷನ್ ಫಂಡ್, ಗಾಂಧೀಜಿ ಆಗ ಇನ್ನೂ ಹುಡುಗ.

ಕೊನೇದು ಬಿಆರ್‌ಎಸ್‌ಆರ್, ಅಂದ್ರೆ ಕಂಪನಿಯ ಹೊಣೆಗಾರಿಕೆ ಮತ್ತು ಸುಸ್ಥಿರತೆ ವರದಿ. ನೀರು, ತ್ಯಾಜ್ಯ, ಕೂಲಿ ಎಲ್ಲದರ ವರದಿಯನ್ನ ಸೆಬಿ (ಷೇರುಪೇಟೆ ನಿಯಂತ್ರಕ) 2022-23ರಿಂದ ಟಾಪ್ 1000 ಲಿಸ್ಟೆಡ್ ಕಂಪನಿಗಳಿಗೆ ಕಡ್ಡಾಯ ಮಾಡಿದೆ. ಭೋಸರಿಯ ಆ ಸಣ್ಣ ಶಾಪ್ ಆ ಪಟ್ಟಿಯಲ್ಲಿ ಬರಲ್ಲ, ಅದರಿಂದ ಪಾರ್ಟ್ಸ್ ಕೊಳ್ಳೋ ದೊಡ್ಡ ಕಂಪನಿ ಬರಬಹುದು. ಹಾಗಾಗಿ ಪರ್ಚೇಸ್ ಮ್ಯಾನೇಜರ್ ರೇಟ್ ಜೊತೆ ಇಟಿಪಿ ಬಗ್ಗೆಯೂ ಕೇಳಬೇಕು ಅಂತ ಉತ್ತರದಲ್ಲಿ ಖಂಡಿತ ಸೇರಿಸ್ರಿ.