ಎಚ್‌ಟಿಎಲ್‌ವಿ-1 ಪಾಸಿಟಿವ್ ಅಂದರೆ ಎಚ್‌ಐವಿನಾ? ಮಗುವಿಗೆ ಹಾಲು ಕೊಡಬಹುದಾ?

ಪ್ರಶ್ನೆ: ನಾವು ಜಪಾನಿನಲ್ಲಿದ್ದೇವೆ. ನನಗೀಗ ಐದು ತಿಂಗಳು. ಇಲ್ಲಿ ಬಸುರಿಯರಿಗೆ ಮಾಡುವ ರಕ್ತ ಪರೀಕ್ಷೆಯಲ್ಲಿ ಎಚ್‌ಟಿಎಲ್‌ವಿ-1 ಪಾಸಿಟಿವ್ ಬಂದಿದೆ. ಇದು ಎಚ್‌ಐವಿಯ ಇನ್ನೊಂದು ಹೆಸರಾ? ರಕ್ತ ಕ್ಯಾನ್ಸರ್ ಬರುತ್ತದೆ ಅಂತ ನೆಟ್‌ನಲ್ಲಿ ಓದಿದಾಗಿನಿಂದ ನಿದ್ದೆ ಇಲ್ಲ. ಮಗುವಿಗೆ ಎದೆಹಾಲು ಕೊಡಬಹುದಾ?

ಉತ್ತರ: ಮೊದಲು ಸ್ವಲ್ಪ ಸಮಾಧಾನ ಮಾಡಿಕೊಳ್ಳಿ. ಮೊದಲ ಪರೀಕ್ಷೆಯಲ್ಲಿ ಪಾಸಿಟಿವ್ ಬಂದ ಮಾತ್ರಕ್ಕೆ ವೈರಸ್ ಇದೆ ಅಂತ ಆಗುವುದಿಲ್ಲ. ವೈರಸ್ ಇಲ್ಲದವರಿಗೂ ಅದು ಒಮ್ಮೊಮ್ಮೆ ಪಾಸಿಟಿವ್ ತೋರಿಸುತ್ತದೆ. ಅದಕ್ಕೇ ಖಚಿತಪಡಿಸಿಕೊಳ್ಳಲು ಇನ್ನೊಂದು ಪರೀಕ್ಷೆ ಮಾಡುತ್ತಾರೆ. ಅಲ್ಲೂ ಸ್ಪಷ್ಟವಾಗದಿದ್ದರೆ ವೈರಸ್ಸಿನ ಜೀನ್‌ಗಳನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಇದೆ. ಅದರ ಫಲಿತಾಂಶ ಬರುವ ತನಕ ಯಾವ ತೀರ್ಮಾನವೂ ಬೇಡ.

ಎರಡನೆಯದು, ಇದು ಎಚ್‌ಐವಿ ಅಲ್ಲ. ಗೊಂದಲ ಆಗುವುದಕ್ಕೆ ಕಾರಣವಿದೆ. ರೆಟ್ರೊವೈರಸ್ ಅಂದರೆ ತನ್ನ ಜೀನ್‌ಗಳನ್ನು ನಮ್ಮ ಕಣಗಳ ಡಿಎನ್‌ಎಗೇ ಸೇರಿಸಿಬಿಡುವ ಜಾತಿಯ ವೈರಸ್. ಮನುಷ್ಯರಲ್ಲಿ ಸಿಕ್ಕ ಅಂಥ ಮೊಟ್ಟಮೊದಲ ವೈರಸ್ ಎಚ್‌ಟಿಎಲ್‌ವಿ-1. ಅಮೆರಿಕದಲ್ಲಿ ರಾಬರ್ಟ್ ಗ್ಯಾಲೊ ಅವರ ತಂಡ ಅದನ್ನು 1980ರಲ್ಲಿ ಪ್ರಕಟಿಸಿತು. ಮುಂದೆ ಏಡ್ಸ್ ವೈರಸ್ ಸಿಕ್ಕಾಗ ಅದೇ ತಂಡ ಅದನ್ನು ಎಚ್‌ಟಿಎಲ್‌ವಿ-3 ಅಂತ ಕರೆಯಿತು. ಎಚ್‌ಐವಿ ಅನ್ನುವ ಹೆಸರು ಬಂದದ್ದು 1986ರಲ್ಲಿ. ಹಳೆಯ ಬರಹಗಳಲ್ಲಿ ಆ ಹಳೆಯ ಹೆಸರು ಇನ್ನೂ ಉಳಿದುಕೊಂಡಿದೆ, ಓದಿದವರು ಹೆದರುತ್ತಾರೆ.

ಎರಡೂ ಹೋಗಿ ಸೇರುವುದು ಟಿ ಕಣಗಳೆಂಬ ಬಿಳಿ ರಕ್ತಕಣಗಳಿಗೇ. ಆದರೆ ಎಚ್‌ಐವಿ ಆ ಕಣಗಳನ್ನು ಸಾಯಿಸುತ್ತದೆ. ಎಚ್‌ಟಿಎಲ್‌ವಿ-1 ಅವನ್ನು ಬದುಕಿಸಿಟ್ಟು, ಬೆಳೆಯುವಂತೆ ಮಾಡುತ್ತದೆ. ತನ್ನ ಜೀನ್‌ಗಳನ್ನು ಕಣದ ಡಿಎನ್‌ಎಯಲ್ಲೇ ಸೇರಿಸಿ ಕೂತಿರುತ್ತದೆ. ಒಂದು ಕಣ ಎರಡಾದರೆ ವೈರಸ್ಸೂ ಎರಡು ಕಡೆ ಆಯಿತು. ಹೊರಗೆ ಬಂದು ಓಡಾಡುವ ಅಗತ್ಯವೇ ಅದಕ್ಕೆ ಅಷ್ಟಾಗಿ ಇಲ್ಲ. ಎಚ್‌ಐವಿ ಮಾತ್ರೆಗಳಿಂದ ಇದನ್ನು ಮೈಯಿಂದ ಓಡಿಸಲು ಆಗದಿರುವುದು ಇದರಿಂದಲೇ.

ಇನ್ನು ಕ್ಯಾನ್ಸರ್ ವಿಷಯ. 1977ರಲ್ಲಿ ಕ್ಯೋಟೊದ ಕಿಯೋಶಿ ತಕಾತ್ಸುಕಿ ಮತ್ತು ಅವರ ಸಂಗಡಿಗರು ಒಂದು ವಿಚಿತ್ರ ರಕ್ತ ಕ್ಯಾನ್ಸರ್ ಬಗ್ಗೆ ಬರೆದರು. ರೋಗಿಗಳು 16 ಜನ. ಅವರಲ್ಲಿ 13 ಜನ ಹುಟ್ಟಿದ್ದು ದೇಶದ ದಕ್ಷಿಣದ ಕ್ಯೂಶು ದ್ವೀಪದಲ್ಲಿ. ಒಂದೇ ಸೀಮೆಯವರಿಗೆ ಯಾಕೆ ಬರಬೇಕು? ಈ ಕ್ಯಾನ್ಸರಿಗೆ ಎಚ್‌ಟಿಎಲ್‌ವಿ-1 ಕಾರಣ ಅಂತ ಗೊತ್ತಾಗಲು ಆ ಒಂದು ಪ್ರಶ್ನೆಯಿಂದಲೇ ದಾರಿ ತೆರೆಯಿತು. ಈ ಕಾಯಿಲೆಯ ರಕ್ತವನ್ನು ಗಾಜಿನ ಮೇಲೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಕೆಲವು ಕಣಗಳ ನಡುವಿನ ಬೀಜ ದುಂಡಗಿರದೆ ದಳದಳವಾಗಿ ಬಿಚ್ಚಿಕೊಂಡಿರುತ್ತದೆ. ಥೇಟ್ ಹೂವಿನ ಹಾಗೆ. ವೈದ್ಯರು ಅದಕ್ಕೆ ಹೂವಿನ ಕಣ ಅಂತಲೇ ಹೆಸರಿಟ್ಟಿದ್ದಾರೆ. ಇಷ್ಟು ಚೆಂದದ ಹೆಸರಿನ ಹಿಂದೆ ಇರುವುದು ಬಹಳ ಕ್ರೂರವಾದ ಕಾಯಿಲೆ. ಗಂಟುಗಳು ಊದುತ್ತವೆ, ಚರ್ಮದ ಮೇಲೆ ಗುಳ್ಳೆ ಏಳುತ್ತವೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಿಪರೀತ ಬಾಯಾರಿಕೆ, ಮಂಕು ಬರುತ್ತದೆ. ತೀವ್ರ ರೂಪದಲ್ಲಿ ಬಂದರೆ ಈಗಲೂ ಚಿಕಿತ್ಸೆ ಕಷ್ಟ. ಆದರೆ ಕೈಚೆಲ್ಲುವ ಹಾಗೇನೂ ಇಲ್ಲ. ಜಪಾನಿನ ಮಿಯಾಗಿ ಪ್ರಾಂತ್ಯದ ಗವರ್ನರ್ ಆಗಿದ್ದ ಶಿರೋ ಅಸಾನೊ ತಮಗೆ ಈ ಕಾಯಿಲೆ ಬಂದಿದೆ ಅಂತ 2009ರಲ್ಲಿ ಎಲ್ಲರ ಮುಂದೆ ಹೇಳಿಕೊಂಡರು. ಅಸ್ಥಿಮಜ್ಜೆ ಕಸಿ ಮಾಡಿಸಿಕೊಂಡು ಮತ್ತೆ ಕೆಲಸಕ್ಕೆ ಮರಳಿದರು.

ಈಗ ನಿಮಗೆ ಬೇಕಾದ ಲೆಕ್ಕ. ವೈರಸ್ ಇರುವ 100 ಜನರಲ್ಲಿ ಇಡೀ ಆಯುಷ್ಯದಲ್ಲಿ ಈ ಕ್ಯಾನ್ಸರ್ ಬರುವುದು ಹೆಚ್ಚುಕಡಿಮೆ 5 ಜನಕ್ಕೆ. ಹೆಂಗಸರಲ್ಲಿ ಇನ್ನೂ ಕಡಿಮೆ. ಬಂದರೂ ಸೋಂಕು ತಗುಲಿ ಹತ್ತಾರು ವರ್ಷಗಳಾದ ಮೇಲೆ. ಇನ್ನೊಂದು ಕಾಯಿಲೆ ಬೆನ್ನುಹುರಿಯದ್ದು. ಕಾಲು ಬಿಗಿದುಕೊಳ್ಳುತ್ತಾ ನಡೆಯುವುದು ಕಷ್ಟವಾಗುತ್ತದೆ, ಮೂತ್ರದ ಹಿಡಿತ ತಪ್ಪುತ್ತದೆ. ಕೆರಿಬಿಯನ್ನಿನ ಮಾರ್ಟಿನಿಕ್‌ನಲ್ಲಿ 1985ರಲ್ಲಿ, ಜಪಾನಿನ ಕಾಗೊಶಿಮಾದಲ್ಲಿ 1986ರಲ್ಲಿ ಇದಕ್ಕೂ ಇದೇ ವೈರಸ್ಸಿನ ನಂಟು ಗೊತ್ತಾಯಿತು. ಇದು ಬರುವುದು ಕ್ಯಾನ್ಸರಿಗಿಂತಲೂ ಅಪರೂಪ. ಕೆಲವರಿಗೆ ಕಣ್ಣಿನ ಒಳಗೆ ಉರಿಯೂತವೂ ಆಗುತ್ತದೆ. ಉಳಿದವರೆಲ್ಲ, ಅಂದರೆ ಬಹುಪಾಲು ಜನ, ಏನೂ ಆಗದೆ ಮುದುಕರಾಗುತ್ತಾರೆ. ನೆಟ್‌ನಲ್ಲಿ ಹುಡುಕಿದರೆ ಕ್ಯಾನ್ಸರ್ ಅನ್ನುವ ಪದವೇ ಮೊದಲು ಕಣ್ಣಿಗೆ ಬೀಳುತ್ತದೆ, ಈ ಮಾತು ಎಲ್ಲೋ ಕೆಳಗಿರುತ್ತದೆ. ನನಗೆ ಬೇಜಾರಾಗುವುದು ಅದಕ್ಕೇ.

ಹಾಲಿನ ಪ್ರಶ್ನೆಗೆ ಬರೋಣ. ಎದೆಹಾಲಿನಲ್ಲಿ ತಾಯಿಯ ಜೀವಂತ ಬಿಳಿ ರಕ್ತಕಣಗಳೂ ಇರುತ್ತವೆ. ವೈರಸ್ ಅವುಗಳೊಳಗೆ ಕೂತು ಮಗುವಿನ ಹೊಟ್ಟೆ ಸೇರುತ್ತದೆ. ತುಂಬಾ ತಿಂಗಳು ಎದೆಹಾಲು ಕುಡಿದ ಮಕ್ಕಳಲ್ಲಿ 100ಕ್ಕೆ 15ರಿಂದ 20 ಮಕ್ಕಳಿಗೆ ಸೋಂಕು ತಗುಲುತ್ತದೆ. ಹುಟ್ಟಿದ ದಿನದಿಂದ ಬರೀ ಡಬ್ಬಿ ಹಾಲು ಕುಡಿದವರಲ್ಲಿ ಅದು 100ಕ್ಕೆ 3ರ ಆಸುಪಾಸು. ಕ್ಯಾನ್ಸರ್ ಬರುವವರಲ್ಲಿ ಹೆಚ್ಚಿನವರಿಗೆ ಸೋಂಕು ತಗುಲಿರುವುದು ಹಸುಗೂಸಾಗಿದ್ದಾಗಲೇ. ಹಾಗಾಗಿ ಹಾಲಿನ ದಾರಿ ಮುಚ್ಚಿದರೆ ಅರವತ್ತು ವರ್ಷ ಆಚೆಗಿನ ಕಾಯಿಲೆಯನ್ನು ಇವತ್ತೇ ತಡೆದ ಹಾಗೆ. ನಾಗಾಸಾಕಿಯಲ್ಲಿ 1987ರಿಂದಲೇ ಬಸುರಿಯರನ್ನು ಪರೀಕ್ಷಿಸಿ ಈ ಕೆಲಸ ಶುರು ಮಾಡಿದರು. ಈಗ ಜಪಾನಿನ ಎಲ್ಲ ಕಡೆ ಮಾಡುತ್ತಾರೆ.

ಖಚಿತ ಪರೀಕ್ಷೆಯಲ್ಲೂ ಪಾಸಿಟಿವ್ ಬಂದರೆ ಡಬ್ಬಿ ಹಾಲೇ ಎಲ್ಲಕ್ಕಿಂತ ಭರವಸೆಯ ದಾರಿ. ಮೂರು ತಿಂಗಳೊಳಗೆ ಎದೆಹಾಲು ನಿಲ್ಲಿಸುವ ದಾರಿಯೂ ಇದೆ, ಆದರೆ ಹೇಳಿದ ದಿನಕ್ಕೆ ಹಾಲು ಬಿಡಿಸುವುದು ಎಷ್ಟು ಕಷ್ಟ ಅಂತ ತಾಯಂದಿರನ್ನೇ ಕೇಳಬೇಕು. ಆ ದಾರಿ ಹಿಡಿಯುವುದಾದರೆ ವೈದ್ಯರು, ಸೂಲಗಿತ್ತಿ ನರ್ಸು ಜೊತೆಗಿರಲಿ. ಊರಿನಿಂದ ಅಮ್ಮನೋ ಅತ್ತೆಯೋ ಬಾಣಂತನಕ್ಕೆ ಬರುವವರಿದ್ದರೆ ಮೊದಲೇ ಕೂರಿಸಿಕೊಂಡು ಹೇಳಿಬಿಡಿ. "ಹಾಲಿದ್ದೂ ಯಾಕೆ ಕೊಡ್ತಿಲ್ಲ?" ಅನ್ನೋ ಮಾತನ್ನು ಹಸಿಮೈಯಲ್ಲಿ ಕೇಳುವುದು ಬೇಡ. ನಮ್ಮ ಕಡೆ ಈ ವೈರಸ್ಸಿನ ಹೆಸರೇ ಜನಕ್ಕೆ ಗೊತ್ತಿಲ್ಲ. ಭಾರತದಲ್ಲಿ ಇದು ಅಪರೂಪ. ರಕ್ತನಿಧಿಗಳಲ್ಲಿ ಎಚ್‌ಐವಿ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್, ಮಲೇರಿಯಾ ಪರೀಕ್ಷೆ ಕಡ್ಡಾಯ, ಇದರದ್ದಲ್ಲ. ಅವರಿಗೆ ಗೊತ್ತಿಲ್ಲದಿದ್ದರೆ ಅದು ಅವರ ತಪ್ಪಲ್ಲ, ಅಲ್ವಾ?

ಮುದ್ದು ಮಾಡುವುದರಿಂದ, ಒಂದೇ ತಟ್ಟೆಯಲ್ಲಿ ಉಣ್ಣುವುದರಿಂದ, ಸ್ನಾನ ಮಾಡಿಸುವುದರಿಂದ ಇದು ಹರಡುವುದಿಲ್ಲ. ಲೈಂಗಿಕ ಸಂಪರ್ಕದಿಂದ ಹರಡಬಹುದು, ಆದ್ದರಿಂದ ನಿಮ್ಮ ಯಜಮಾನರ ಜೊತೆಗೂ ಮಾತಾಡಿ. ಯಾರಿಂದ ಬಂತು ಅಂತ ಜಗಳಕ್ಕೆ ಇಳಿಯಬೇಡಿ, ನಿಮ್ಮ ಅಮ್ಮನ ಹಾಲಿನಿಂದಲೇ ಬಂದಿರಬಹುದು. ರಕ್ತದಾನ ಮಾಡಬೇಡಿ. ಮಗುವಿಗೆ ಪರೀಕ್ಷೆ ಮಾಡಿಸುವುದಾದರೆ ಮೂರು ವರ್ಷ ತುಂಬುವ ತನಕ ಕಾಯಿರಿ. ಅದಕ್ಕೂ ಮೊದಲು ಮಾಡಿಸಿದರೆ ನಿಮ್ಮಿಂದ ಮಗುವಿಗೆ ಹೋದ ಆಂಟಿಬಾಡಿಗಳೇ (ವೈರಸ್ ವಿರುದ್ಧ ಮೈ ತಯಾರಿಸುವ ಪ್ರೋಟೀನುಗಳು) ಪಾಸಿಟಿವ್ ತೋರಿಸಿ ಸುಮ್ನೆ ಹೆದರಿಸಬಹುದು.