ಫೇರ್ ಐಲ್‌ನ ಶರತ್ಕಾಲ ಮತ್ತು ದಾರಿ ತಪ್ಪಿದ ಹಕ್ಕಿಗಳು

ಸ್ಕಾಟ್ಲೆಂಡಿನ ಉತ್ತರಕ್ಕೆ, ಆರ್ಕ್ನಿ ಮತ್ತು ಶೆಟ್ಲೆಂಡ್ ದ್ವೀಪಸಮೂಹಗಳ ನಡುವೆ ಇರುವ ಫೇರ್ ಐಲ್ ಸುಮಾರು 5 ಕಿಲೋಮೀಟರ್ ಉದ್ದದ, ಮರಗಳಿಲ್ಲವೆಂದೇ ಹೇಳಬಹುದಾದ ದ್ವೀಪ. ಸೆಪ್ಟೆಂಬರ್, ಅಕ್ಟೋಬರ್ ತಿಂಗಳಲ್ಲಿ ಕಡಲು ಕೆರಳಿ ದೋಣಿ ಸಂಚಾರ ಆಗಾಗ ನಿಂತುಹೋಗುತ್ತದೆ. ಹಕ್ಕಿವೀಕ್ಷಕರು ಅಲ್ಲಿಗೆ ಹೋಗಲು ಹಾತೊರೆಯುವುದೂ ಅದೇ ಹೊತ್ತಿನಲ್ಲಿ.

ಇದಕ್ಕೆ ಕಾರಣ ಗಾಳಿ. ಸ್ಕ್ಯಾಂಡಿನೇವಿಯಾದಿಂದಲೂ ಸೈಬೀರಿಯಾದಿಂದಲೂ ದಕ್ಷಿಣಕ್ಕೆ ಹೊರಟ ಹಕ್ಕಿಗಳು, ಅದರಲ್ಲೂ ಮೊದಲ ಬಾರಿ ವಲಸೆ ಹೋಗುವ ಮರಿಗಳು, ಮೂಡಣ ಗಾಳಿಗೂ ಮಳೆಗೂ ಸಿಕ್ಕಿ ಸಮುದ್ರದ ಮೇಲೆ ದಿಕ್ಕು ತಪ್ಪುತ್ತವೆ. ಕಣ್ಣಿಗೆ ಬಿದ್ದ ಮೊದಲ ನೆಲದಲ್ಲಿ ಇಳಿದಾಗ ಅಡಗಲು ಅವಕ್ಕೆ ಸಿಗುವುದು ಕಲ್ಲಿನ ಗೋಡೆಯ ಬುಡ, ಹೊಲದ ಬದು, ಹಳ್ಳದ ಅಂಚು, ಇಷ್ಟೇ.

ಈ ಮಹತ್ವವನ್ನು ಮೊದಲು ಮನಗಂಡವರಲ್ಲಿ ಪ್ರಮುಖರು ಎಡಿನ್‌ಬರೋದ ವಸ್ತುಸಂಗ್ರಹಾಲಯದಲ್ಲಿದ್ದ ವಿಲಿಯಂ ಈಗಲ್ ಕ್ಲಾರ್ಕ್. 1905ರಿಂದ ಅಲ್ಲಿಗೆ ಹೋಗತೊಡಗಿದ ಅವರು ದ್ವೀಪವಾಸಿಗಳಿಗೂ ಹಕ್ಕಿಗಳನ್ನು ಗುರುತಿಸುವುದನ್ನು ಕಲಿಸಿದರು. ಆಗ ಅಪರೂಪದ ಹಕ್ಕಿಗೆ ಪುರಾವೆಯೆಂದರೆ ಗುಂಡಿಟ್ಟು ಕೊಂದು ತೆಗೆದಿಟ್ಟ ಚರ್ಮ. ಬ್ಲೈತ್ಸ್ ರೀಡ್ ವಾರ್ಬ್ಲರ್ ಎಂಬ ಪುಟ್ಟ ಉಲಿಯಕ್ಕಿ ಬ್ರಿಟನ್ನಿನಲ್ಲಿ ಮೊದಲ ಬಾರಿಗೆ ದಾಖಲಾದದ್ದು 1910ರಲ್ಲಿ, ಇದೇ ದ್ವೀಪದಲ್ಲಿ. ಚಳಿಗಾಲದಲ್ಲಿ ಕರ್ನಾಟಕದ ಪೊದೆ, ಬೇಲಿಗಳಲ್ಲಿ "ಚಕ್ ಚಕ್" ಎನ್ನುತ್ತಾ ಓಡಾಡುವ ಹಕ್ಕಿಯೇ ಅದು. ಆಗ್ನೇಯಕ್ಕೆ, ಭಾರತದ ಕಡೆಗೆ ಹಾರಬೇಕಾಗಿದ್ದದ್ದು ತದ್ವಿರುದ್ಧ ದಿಕ್ಕಿಗೆ ಹೋಗಿ ಅಟ್ಲಾಂಟಿಕ್‌ನ ಅಂಚು ಮುಟ್ಟಿತ್ತೆಂಬುದು ನನ್ನನ್ನು ಇಂದಿಗೂ ಬೆರಗುಗೊಳಿಸುತ್ತದೆ.

ಬಂದೂಕಿನ ಜಾಗಕ್ಕೆ ಬಲೆ ಮತ್ತು ಹಕ್ಕಿಯ ಕಾಲಿಗೆ ತೊಡಿಸುವ ಗುರುತಿನ ಉಂಗುರ ಬಂದದ್ದರಲ್ಲಿ ಸ್ಕಾಟ್ಲೆಂಡಿನ ಹಕ್ಕಿತಜ್ಞ ಜಾರ್ಜ್ ವಾಟರ್‌ಸ್ಟನ್ ಅವರ ಪಾಲು ದೊಡ್ಡದು. ಎರಡನೇ ಮಹಾಯುದ್ಧದಲ್ಲಿ, 1941ರಲ್ಲಿ, ಗ್ರೀಸ್‌ನ ಕ್ರೀಟ್‌ನಲ್ಲಿ ಸೆರೆಸಿಕ್ಕ ಅವರು ಜರ್ಮನಿಯ ಯುದ್ಧಕೈದಿಗಳ ಶಿಬಿರದಲ್ಲಿದ್ದಾಗಲೇ ಫೇರ್ ಐಲ್‌ನಲ್ಲೊಂದು ಹಕ್ಕಿ ವೀಕ್ಷಣಾಲಯ ಕಟ್ಟುವ ಯೋಜನೆ ಹಾಕಿದ್ದರು. ಕಾಯಿಲೆಯ ಕಾರಣಕ್ಕೆ 1943ರಲ್ಲಿ ಬಿಡುಗಡೆಯಾಗಿ ಮರಳುವಾಗ ಹಡಗಿನಿಂದ ಅವರಿಗೆ ಕಂಡ ಸ್ವದೇಶದ ಮೊದಲ ನೆಲ ಅದೇ ದ್ವೀಪವಾಗಿತ್ತು. ಯುದ್ಧದ ನಂತರ ದ್ವೀಪವನ್ನೇ ಕೊಂಡು, 1948ರಲ್ಲಿ ನೌಕಾಪಡೆ ಬಿಟ್ಟುಹೋದ ಗುಡಿಸಲುಗಳಲ್ಲಿ ವೀಕ್ಷಣಾಲಯ ತೆರೆದರು. 1954ರಲ್ಲಿ ದ್ವೀಪವನ್ನು ಪಾರಂಪರಿಕ ತಾಣಗಳನ್ನು ಕಾಪಾಡುವ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್‌ಗೆ ವಹಿಸಿದರು. ಗೋಡೆಗಳ ಉದ್ದಕ್ಕೂ ಕಟ್ಟಿದ, ಒಳಗೆ ಹೋದಂತೆ ಕಿರಿದಾಗುವ ತಂತಿಬಲೆಯ ಬೋನುಗಳಲ್ಲಿ ಹಕ್ಕಿಗಳನ್ನು ಹಿಡಿದು, ಅಳೆದು, ಉಂಗುರ ತೊಡಿಸಿ ಬಿಡುವ ಕೆಲಸ ಅಲ್ಲಿಂದ ನಡೆದುಬಂತು.

2019ರ ಮಾರ್ಚ್ 10ರಂದು ಬೆಂಕಿ ಬಿದ್ದು ವೀಕ್ಷಣಾಲಯದ ಕಟ್ಟಡ ಸುಟ್ಟುಹೋಯಿತು. ದಶಕಗಳ ಹಕ್ಕಿ ದಾಖಲೆಗಳನ್ನು ಅದಕ್ಕೂ ಮೊದಲೇ ಡಿಜಿಟಲ್ ರೂಪಕ್ಕೆ ತಂದಿದ್ದರಿಂದ ಅವು ಉಳಿದುಕೊಂಡವು.