ಮಾಯಾ ಜನ ಅಳಿದುಹೋದರಲ್ಲವೇ? ಹಾಗಾದರೆ ಮಾಯಾ ಭಾಷೆ ಆಡುವವರು ಯಾರು?

ಪ್ರಶ್ನೆ: ಮಾಯಾ ನಾಗರಿಕತೆ ಸಾವಿರ ವರ್ಷಗಳ ಹಿಂದೆಯೇ ಕಣ್ಮರೆಯಾಯಿತೆಂದು ನಾವೆಲ್ಲ ಓದಿದ್ದೇವೆ. ಆದರೆ ಅಮೆರಿಕದ ನ್ಯಾಯಾಲಯಗಳಿಗೆ ಮಾಯಾ ಭಾಷೆಯ ದುಭಾಷಿಗಳು ಸಾಲುತ್ತಿಲ್ಲವೆಂಬ ಸುದ್ದಿಯೂ ಕಣ್ಣಿಗೆ ಬೀಳುತ್ತದೆ. ಇಲ್ಲವಾದ ಜನರ ಭಾಷೆಗೆ ದುಭಾಷಿ ಏಕೆ ಬೇಕು?

ಉತ್ತರ: ಕಣ್ಮರೆಯಾದದ್ದು ಜನರಲ್ಲ. ಗ್ವಾಟೆಮಾಲಾದಲ್ಲಿ 2018ರಲ್ಲಿ ನಡೆದ ಜನಗಣತಿಯಲ್ಲಿ 62 ಲಕ್ಷಕ್ಕೂ ಹೆಚ್ಚು ಮಂದಿ, ಅಂದರೆ ದೇಶದ ನೂರಕ್ಕೆ ಸುಮಾರು 42 ಜನ, ತಾವು ಮಾಯಾ ಎಂದು ಬರೆಸಿದ್ದಾರೆ. ಮೆಕ್ಸಿಕೋದ ಯುಕಾಟಾನ್ ಪರ್ಯಾಯದ್ವೀಪ, ಚಿಯಾಪಾಸ್ ರಾಜ್ಯದ ಬೆಟ್ಟಸೀಮೆ, ಬೆಲೀಜ್ ಮತ್ತು ಹೊಂಡುರಾಸ್‌ನ ಗಡಿಭಾಗಗಳಲ್ಲಿರುವವರು ಈ ಲೆಕ್ಕಕ್ಕೆ ಸೇರಿಲ್ಲ. ಇನ್ನು ‘ಮಾಯಾ ಭಾಷೆ’ ಎಂಬ ಒಂದೇ ಭಾಷೆಯೂ ಇಲ್ಲ. ಸುಮಾರು 4,000 ವರ್ಷಗಳ ಹಿಂದೆ ಒಂದು ಮೂಲಭಾಷೆಯಿಂದ ಕವಲೊಡೆದ ಸುಮಾರು 30 ಭಾಷೆಗಳ ಕುಟುಂಬವದು. ಗ್ವಾಟೆಮಾಲಾದ ಕಿಚೆ ಆಡುವವನಿಗೆ ಯುಕಾಟಾನಿನ ಯುಕಾಟೆಕ್ ಅರ್ಥವಾಗುವುದು ಕನ್ನಡಿಗನಿಗೆ ಬಲೂಚಿಸ್ತಾನದ ಬ್ರಾಹುಯಿ ಎಂಬ ದ್ರಾವಿಡ ನುಡಿ ಅರ್ಥವಾಗುವಷ್ಟೇ. ಬಂಧುತ್ವವನ್ನು ಭಾಷಾಶಾಸ್ತ್ರಜ್ಞರು ತೋರಿಸಬಲ್ಲರು, ಆದರೆ ಮಾತುಕತೆ ನಡೆಯದು.

ಈ ತಪ್ಪು ತಿಳಿವಳಿಕೆ ಹುಟ್ಟಿದ್ದಕ್ಕೆ ಕಾರಣವಿದೆ. ಕ್ರಿ.ಶ. 250ರಿಂದ 900ರವರೆಗಿನ ಅವಧಿಯಲ್ಲಿ ಟಿಕಾಲ್, ಪಲೆಂಕೆ, ಕೊಪಾನ್ ಮುಂತಾದ ನಗರಗಳು ಏಳಿಗೆಯಲ್ಲಿದ್ದವು. ಒಂಬತ್ತನೆಯ ಶತಮಾನದಲ್ಲಿ ಬರಗಾಲ, ಅರಸರ ನಡುವಿನ ನಿಲ್ಲದ ಕಾಳಗ ಮತ್ತು ಅರಸೊತ್ತಿಗೆಯ ಮೇಲೆ ಜನ ಕಳೆದುಕೊಂಡ ನಂಬಿಕೆ ಇವೆಲ್ಲ ಕೂಡಿ ದಕ್ಷಿಣದ ತಗ್ಗುನಾಡಿನ ನಗರಗಳು ಒಂದೊಂದಾಗಿ ಬರಿದಾದವು, ಕಾಡು ಅವುಗಳನ್ನು ಮುಚ್ಚಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿಗೆ ಹೋದ ಪ್ರವಾಸಿಗರು ಬಳ್ಳಿ ಹಬ್ಬಿದ ಪಿರಮಿಡ್ಡುಗಳನ್ನು ಕಂಡು ಬೆರಗಾಗಿ ಬರೆದರು, ಆ ಬಳ್ಳಿಗಳನ್ನು ಮಚ್ಚಿನಿಂದ ಕಡಿದು ದಾರಿ ಮಾಡಿಕೊಟ್ಟ ಕೂಲಿಯವರು ಅದೇ ಜನರ ವಂಶದವರೆಂಬುದಕ್ಕೆ ಅವರ ಓದುಗರು ಹೆಚ್ಚು ಬೆಲೆ ಕೊಡಲಿಲ್ಲ. ವಿಜಯನಗರ ಹಾಳಾಯಿತೆಂದು ಕನ್ನಡಿಗರು ಅಳಿದರೆಂದು ಯಾರೂ ಹೇಳುವುದಿಲ್ಲವಲ್ಲ! ಉತ್ತರದ ಚಿಚೆನ್ ಇಟ್ಸಾ ಮತ್ತು ಮಾಯಾಪಾನ್ ಪ್ರಬಲವಾದದ್ದು ಆಮೇಲೆಯೇ. ಪೆತೆನ್ ಸರೋವರದ ನಡುವಿನ ನೋಹ್‌ಪೆತೆನ್ ಎಂಬ ಕೊನೆಯ ಸ್ವತಂತ್ರ ಮಾಯಾ ರಾಜಧಾನಿ ಸ್ಪೇನಿನವರ ಕೈವಶವಾದದ್ದು 1697ರಲ್ಲಿ, ಅಂದರೆ ಇತ್ತ ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರ್ ಆಳುತ್ತಿದ್ದ ಕಾಲದಲ್ಲಿ.

ಹೆಸರಿನ ಬಗ್ಗೆಯೂ ಒಂದು ಮಾತು. ನಮ್ಮ ‘ಮಾಯೆ’ಗಾಗಲಿ ಮಯಾಸುರನಿಗಾಗಲಿ ಈ ‘ಮಾಯಾ’ಕ್ಕೆ ಸಂಬಂಧವಿಲ್ಲ. ಅದು ಯುಕಾಟಾನಿನ ಸ್ಥಳೀಯ ಪದ, ಧ್ವನಿಸಾಮ್ಯ ಕಾಕತಾಳೀಯ. ಪಾತಾಳಲೋಕವೆಂದರೆ ಅಮೆರಿಕವೆಂದೂ ಮಯನು ಅಲ್ಲಿಗೆ ಹೋಗಿ ನಗರ ಕಟ್ಟಿದನೆಂದೂ ಹಬ್ಬಿರುವ ಕಥೆಗಳಿಗೆ ಭಾಷೆಯ ಕಡೆಯಿಂದ ಎಳ್ಳಷ್ಟೂ ಆಧಾರವಿಲ್ಲ. ಕುಟುಂಬಕ್ಕೆಲ್ಲ ಈ ಹೆಸರನ್ನು ಇಟ್ಟವರು ವಿದ್ವಾಂಸರು. ಚಿಯಾಪಾಸಿನ ತ್ಸೋಟ್ಸಿಲ್ ಜನ ತಮ್ಮ ನುಡಿಯನ್ನು ‘ಬತ್ಸಿ ಕೋಪ್’, ಅಂದರೆ ನಿಜವಾದ ಮಾತು, ಎನ್ನುತ್ತಾರೆ. ಗ್ವಾಟೆಮಾಲಾದ ಎತ್ತರದ ನಾಡಿನಲ್ಲಿ ಜನ ತಮ್ಮನ್ನು ಮಾಯಾ ಎಂದು ಕರೆದುಕೊಳ್ಳುವುದು ವ್ಯಾಪಕವಾದದ್ದು ಕಳೆದ ಕೆಲವು ದಶಕಗಳ ಚಳವಳಿಯಿಂದ.

ಇವರು ಅಳಿದಿರಲಿಲ್ಲ ಎಂಬುದಕ್ಕೆ ನನ್ನ ಮಟ್ಟಿಗೆ ಅತ್ಯಂತ ಬಲವಾದ ಸಾಕ್ಷ್ಯ ಜನಗಣತಿಯಲ್ಲ, ಅವರ ಶಾಸನಗಳು. ಆ ಲಿಪಿಯನ್ನು ಓದಲು ಸಾಧ್ಯವಾದದ್ದೇ ಭಾಷೆಗಳು ಬದುಕಿದ್ದುದರಿಂದ.

1562ರ ಜುಲೈಯಲ್ಲಿ ಯುಕಾಟಾನಿನ ಮಾನಿ ಎಂಬ ಊರಿನಲ್ಲಿ ಫ್ರಾನ್ಸಿಸ್ಕನ್ ಪಾದ್ರಿ ದಿಯೆಗೋ ದೆ ಲಾಂಡಾ ಮಾಯಾ ಹೊತ್ತಗೆಗಳನ್ನು ರಾಶಿ ಹಾಕಿಸಿ ಸುಡಿಸಿದ. ಇಂದು ಉಳಿದಿರುವ ಮಾಯಾ ಹೊತ್ತಗೆಗಳು ನಾಲ್ಕೇ. ವಿಚಿತ್ರವೆಂದರೆ, ಅದೇ ಲಾಂಡಾ ಕೆಲವು ವರ್ಷಗಳ ಬಳಿಕ ಯುಕಾಟಾನಿನ ಬಗ್ಗೆ ಬರೆಯುವಾಗ, ಮಾಯಾ ಲಿಪಿಕಾರನೊಬ್ಬನನ್ನು ಕೂರಿಸಿಕೊಂಡು ‘ಮಾಯಾ ಅಕ್ಷರಮಾಲೆ’ಯನ್ನು ಬರೆಸಿಕೊಂಡ. ಅವನು ಸ್ಪ್ಯಾನಿಷ್ ಅಕ್ಷರಗಳ ಹೆಸರನ್ನು ಹೇಳುತ್ತ ಹೋದ, ಲಿಪಿಕಾರ ತನಗೆ ಕೇಳಿಸಿದ ಧ್ವನಿಯನ್ನು ಬರೆಯುತ್ತ ಹೋದ. ‘ಬೇ’ ಎಂದಾಗ ದಾರಿಯ ಮೇಲಿನ ಹೆಜ್ಜೆಗುರುತನ್ನು ಬರೆದ, ಏಕೆಂದರೆ ಅವನ ನುಡಿಯಲ್ಲಿ ‘ಬೇ’ ಎಂದರೆ ದಾರಿ. ನಿನಗೆ ಬೇಕಾದ ಒಂದು ವಾಕ್ಯ ಬರೆ ಎಂದಾಗ ಅವನು ಬರೆದದ್ದು ‘ಮಾ ಇನ್ ಕಾತಿ’. ಅದರ ಅರ್ಥ: ನನಗೆ ಇಷ್ಟವಿಲ್ಲ. ಪಾದ್ರಿ ಅದನ್ನೂ ಶ್ರದ್ಧೆಯಿಂದ ನಕಲು ಮಾಡಿಕೊಂಡ.

ಈ ಪಟ್ಟಿ ಅಕ್ಷರಮಾಲೆಯಾಗಿ ಯಾವ ಕೆಲಸಕ್ಕೂ ಬಾರದೆಂದು ಬಹುಕಾಲ ಪಕ್ಕಕ್ಕೆ ಬಿದ್ದಿತ್ತು. ಅದರಲ್ಲಿರುವುದು ಒಂಟಿ ವ್ಯಂಜನಗಳಲ್ಲ, ವ್ಯಂಜನಕ್ಕೆ ಸ್ವರ ಕೂಡಿದ ಧ್ವನಿಗಳು ಎಂದು 1952ರಲ್ಲಿ ತೋರಿಸಿಕೊಟ್ಟವರು ಲೆನಿನ್‌ಗ್ರಾಡ್‌ನ ವಿದ್ವಾಂಸ ಯೂರಿ ಕ್ನೋರೊಜೊವ್. ಕಾಗುಣಿತ ಕಲಿತ ನಮಗೆ ಇದು ತಟ್ಟನೆ ಹೊಳೆಯಬಹುದಾದ ಸಂಗತಿ, ಎ-ಬಿ-ಸಿ ಕಲಿತವರಿಗೆ ಹೊಳೆಯಲು ನಾಲ್ಕು ಶತಮಾನ ಹಿಡಿಯಿತು. ಅವರ ತರ್ಕವನ್ನು ಒಂದು ಉದಾಹರಣೆಯಲ್ಲಿ ನೋಡೋಣ. ಉಳಿದ ನಾಲ್ಕರಲ್ಲಿ ಒಂದಾದ, ಜರ್ಮನಿಯ ಡ್ರೆಸ್ಡೆನ್‌ನಲ್ಲಿರುವ ಹೊತ್ತಗೆಯಲ್ಲಿ ಟರ್ಕಿ ಕೋಳಿಯ ಚಿತ್ರದ ಮೇಲೆ ಎರಡು ಚಿಹ್ನೆಗಳಿವೆ. ಮೊದಲನೆಯದು ಲಾಂಡಾನ ಪಟ್ಟಿಯ ‘ಕು’. ಯುಕಾಟೆಕ್‌ನಲ್ಲಿ ಟರ್ಕಿ ಕೋಳಿಗೆ ‘ಕುತ್ಸ್’ ಎನ್ನುತ್ತಾರೆ, ಹಾಗಾದರೆ ಎರಡನೆಯದು ‘ತ್ಸು’ ಆಗಿರಬೇಕು. ಬೇರೊಂದು ಕಡೆ ನಾಯಿಯ ಚಿತ್ರದ ಮೇಲೆ ಇದೇ ‘ತ್ಸು’ ಮೊದಲು ಬಂದು, ಅದರ ಮುಂದೆ ಲಾಂಡಾನ ಪಟ್ಟಿಯ ‘ಲ’ಕಾರದ ಚಿಹ್ನೆ ಇದೆ. ಕೂಡಿಸಿದರೆ ‘ತ್ಸು-ಲು’. ವಸಾಹತು ಕಾಲದ ಯುಕಾಟೆಕ್ ನಿಘಂಟನ್ನು ತೆರೆದರೆ ‘ತ್ಸುಲ್’ ಎಂದರೆ ನಾಯಿ! ಕೊನೆಯ ‘ಉ’ ಬರವಣಿಗೆಯಲ್ಲಿ ಮಾತ್ರ ಇದೆ, ಉಚ್ಚಾರದಲ್ಲಿಲ್ಲ. ನಾವು ‘ಬಸ್ಸು’, ‘ಕಾರು’ ಎಂದು ವ್ಯಂಜನಕ್ಕೆ ಸ್ವರದ ಬಾಲ ಕಟ್ಟುತ್ತೇವೆ ಮತ್ತು ಆ ಬಾಲವನ್ನು ಉಚ್ಚರಿಸುತ್ತೇವೆ, ಅವರು ಕಟ್ಟಿದ ಬಾಲ ಮೌನವಾದದ್ದು.

ಲಿಪಿ ಇಷ್ಟಕ್ಕೇ ಮುಗಿಯುವುದಿಲ್ಲ. ಚಿರತೆಯನ್ನು ಹೋಲುವ ಜಾಗ್ವಾರ್ ಎಂಬ ಪ್ರಾಣಿಯ ಹೆಸರು ‘ಬಲಮ್’. ಲಿಪಿಕಾರ ಅದರ ತಲೆಯನ್ನಷ್ಟೇ ಬರೆದು ಬಿಡಬಹುದು, ಬ-ಲ-ಮ ಎಂದು ಮೂರು ಅಕ್ಷರಗಳಲ್ಲಿ ಬರೆಯಬಹುದು, ಇಲ್ಲವೇ ತಲೆಯನ್ನು ಬರೆದು ಓದುಗನಿಗೆ ಅನುಮಾನ ಬಾರದಿರಲೆಂದು ಪಕ್ಕದಲ್ಲೊಂದು ‘ಮ’ ಇಡಬಹುದು. ಶಾಸನಗಳ ಭಾಷೆಯಲ್ಲಿ ‘ಚನ್’ ಎಂದರೆ ನಾಲ್ಕು, ‘ಚನ್’ ಎಂದರೆ ಹಾವು, ‘ಚನ್’ ಎಂದರೆ ಆಕಾಶ. ಆದ್ದರಿಂದ ಆಕಾಶ ಎಂದು ಬರೆಯಬೇಕಾದಲ್ಲಿ ಹಾವಿನ ತಲೆಯನ್ನೋ ನಾಲ್ಕು ಚುಕ್ಕೆಗಳನ್ನೋ ಬರೆದು ಶ್ಲೇಷೆಯಾಡುವುದು ಅವರಿಗೆ ಪ್ರಿಯವಾದ ಆಟ. ಇಂಥ ಶ್ಲೇಷೆ ಬಿಡಿಸಲು ಆ ಭಾಷೆಯ ಸಂತತಿಯನ್ನು ಬಲ್ಲವರೇ ಬೇಕು. ಶಾಸನಭಾಷೆಗೆ ಹತ್ತಿರದ ಚೋರ್ತಿ ಎಂಬ ನುಡಿಯನ್ನು ಕೊಪಾನ್‌ನಿಂದ ದೂರವಿಲ್ಲದ ಗ್ವಾಟೆಮಾಲಾದ ಹಳ್ಳಿಗಳಲ್ಲಿ ಜನ ಇಂದಿಗೂ ಆಡುತ್ತಾರೆ.

ಆಡುನುಡಿಗಳ ಸ್ವಭಾವವನ್ನೂ ಸ್ವಲ್ಪ ನೋಡಬಹುದು. ನಮ್ಮಲ್ಲಿ ಕ-ಖ ಎಂಬ ಭೇದವಿರುವಂತೆ ಅಲ್ಲಿ ಸಾದಾ ‘ಕ’ ಮತ್ತು ಗಂಟಲನ್ನು ಬಿಗಿದು ಚಟ್ಟನೆ ಸಿಡಿಸುವ ‘ಕ’ ಎಂಬ ಭೇದವಿದೆ. ಯುಕಾಟೆಕ್‌ನಲ್ಲಿ ಸಾದಾ ‘ಕನ್’ ಎಂದರೆ ನಾಲ್ಕು, ಸಿಡಿಸಿದ ‘ಕನ್’ ಎಂದರೆ ಹಳದಿ, ಹಣ್ಣಾದದ್ದು. ಎಣಿಕೆ ಇಪ್ಪತ್ತರ ಮಾನದ್ದು. ಕಿಚೆಯಲ್ಲಿ ‘ವಿನಾಕ್’ ಎಂದರೆ ಮನುಷ್ಯ, ‘ಹುವಿನಾಕ್’, ಅಂದರೆ ಒಬ್ಬ ಮನುಷ್ಯ, ಎಂದರೆ ಇಪ್ಪತ್ತು, ಏಕೆಂದರೆ ಕೈಕಾಲಿನ ಬೆರಳುಗಳೆಲ್ಲ ಸೇರಿ ಅಷ್ಟಾಗುತ್ತವೆ. ನಾವು ‘ಇಬ್ಬರು ಹುಡುಗರು, ಎರಡು ಮನೆ’ ಎಂದು ಎಣಿಕೆಯ ಪದ ಬದಲಿಸುವಂತೆ ಯುಕಾಟೆಕ್‌ನವರೂ ಬದಲಿಸುತ್ತಾರೆ, ಆದರೆ ನಮಗಿಂತ ಒಂದು ಹೆಜ್ಜೆ ಮುಂದೆ: ಒಬ್ಬ ಮನುಷ್ಯನಿಗೋ ಒಂದು ಪ್ರಾಣಿಗೋ ‘ಹುನ್ ತೂಲ್’, ಒಂದು ವಸ್ತುವಿಗೆ ‘ಹುನ್ ಪೇಲ್’, ಒಂದು ಗಿಡಮರಕ್ಕೆ ‘ಹುನ್ ಕೂಲ್’. ವಾಕ್ಯರಚನೆ ಮಾತ್ರ ನಮಗೆ ತಲೆಕೆಳಗು. ನಾವು ಕೊನೆಯಲ್ಲಿಡುವ ಕ್ರಿಯಾಪದವನ್ನು ಈ ಭಾಷೆಗಳಲ್ಲಿ ಹೆಚ್ಚಿನವು ಮೊದಲಿಗೇ ಹೇಳಿಬಿಡುತ್ತವೆ. ನನಗೆ ಎಲ್ಲಕ್ಕಿಂತ ಇಷ್ಟವಾದ ಪದ ಕಿಚೆಯ ‘ಉಚಿ ಹಾ’, ಅಂದರೆ ‘ಮನೆಯ ಬಾಯಿ’. ಅವರು ಬಾಗಿಲಿಗೆ ಹೀಗೆನ್ನುತ್ತಾರೆ. ನಮ್ಮ ‘ಬಾಗಿಲು’ ಕೂಡ ‘ಬಾಯ್’ ಮತ್ತು ‘ಇಲ್’ (ಮನೆ) ಸೇರಿ ಆದದ್ದೇ. ಇದರಿಂದ ನಂಟಸ್ತಿಕೆ ಹುಡುಕಲು ಹೊರಡಬಾರದು, ಮನೆಗೆ ಬಾಯಿಯಿದೆ ಎಂದು ಎರಡು ಕಡೆ ಜನರಿಗೆ ಬೇರೆಬೇರೆಯಾಗಿಯೇ ಹೊಳೆದಿದೆ.

ಮಾಯಾ ಜನರ ಮೇಲೆ ದೊಡ್ಡ ವಿಪತ್ತು ಬಂದದ್ದು ಒಂಬತ್ತನೆಯ ಶತಮಾನದಲ್ಲಿ ಮಾತ್ರವಲ್ಲ, ಇಪ್ಪತ್ತನೆಯದರಲ್ಲೂ. ಗ್ವಾಟೆಮಾಲಾದಲ್ಲಿ 1960ರಿಂದ 1996ರವರೆಗೆ ನಡೆದ ಅಂತರ್ಯುದ್ಧದಲ್ಲಿ ಸತ್ತವರು ಮತ್ತು ಕಾಣೆಯಾದವರು ಎರಡು ಲಕ್ಷಕ್ಕೂ ಹೆಚ್ಚು ಎಂದು ವಿಶ್ವಸಂಸ್ಥೆಯ ಬೆಂಬಲದ ಸತ್ಯಶೋಧನಾ ಆಯೋಗ 1999ರಲ್ಲಿ ಅಂದಾಜು ಮಾಡಿತು. ಗುರುತು ಸಿಕ್ಕವರ ಪೈಕಿ ನೂರಕ್ಕೆ 83 ಮಂದಿ ಮಾಯಾ ಜನ. ಇಶಿಲ್ ಭಾಷಿಕರ ಸೀಮೆಯೂ ಸೇರಿದಂತೆ ಕೆಲವು ಪ್ರದೇಶಗಳಲ್ಲಿ ಸರ್ಕಾರಿ ಪಡೆಗಳು ನಡೆಸಿದ್ದು ಜನಾಂಗಹತ್ಯೆಯೇ ಎಂದು ಆಯೋಗ ಬರೆಯಿತು. 1992ರಲ್ಲಿ ನೊಬೆಲ್ ಶಾಂತಿ ಪ್ರಶಸ್ತಿ ಪಡೆದ ರಿಗೊಬೆರ್ತಾ ಮೆಂಚು ಕಿಚೆ ಜನಾಂಗದವರು. ತಂದೆ, ತಾಯಿ, ಸೋದರ ಮೂವರನ್ನೂ ಅವರು ಆ ಹಿಂಸೆಯಲ್ಲಿ ಕಳೆದುಕೊಂಡವರು.

ಯುದ್ಧ ಇನ್ನೂ ನಡೆಯುತ್ತಿದ್ದಾಗಲೇ ಭಾಷೆಯ ಕೆಲಸವೂ ಮೊದಲಾಯಿತು ಎಂಬುದು ಗಮನಿಸಬೇಕಾದ ಸಂಗತಿ. 1987ರಲ್ಲಿ ಗ್ವಾಟೆಮಾಲಾದ ಮಾಯಾ ಭಾಷೆಗಳಿಗೆಲ್ಲ ಏಕರೂಪದ ರೋಮನ್ ವರ್ಣಮಾಲೆಗೆ ಅಧಿಕೃತ ಒಪ್ಪಿಗೆ ಸಿಕ್ಕಿತು, 1990ರಲ್ಲಿ ಮಾಯಾ ಭಾಷೆಗಳ ಅಕಾಡೆಮಿಗೆ ಕಾನೂನಿನ ಮಾನ್ಯತೆ ದೊರೆಯಿತು, 2003ರಲ್ಲಿ ಅವುಗಳನ್ನು ರಾಷ್ಟ್ರೀಯ ಭಾಷೆಗಳೆಂದು ಒಪ್ಪುವ ಕಾಯಿದೆ ಬಂತು. ಯುದ್ಧದ ಕೊನೆಯ ವರ್ಷಗಳಲ್ಲೇ ಲಿಂಡಾ ಶೀಲ್, ನಿಕೊಲಾಯ್ ಗ್ರೂಬೆ ಮುಂತಾದ ವಿದ್ವಾಂಸರು ಮಾಯಾ ಶಿಕ್ಷಕರಿಗೆ ಮತ್ತು ಭಾಷಾಶಾಸ್ತ್ರಜ್ಞರಿಗೆ ಹಳೆಯ ಲಿಪಿಯನ್ನು ಓದುವ ಶಿಬಿರಗಳನ್ನು ನಡೆಸಿದರು. ಮಾನಿಯ ಬೆಂಕಿಯಾಗಿ ನಾಲ್ಕು ಶತಮಾನಗಳ ಮೇಲೆ ಮನೆಯವರೇ ಮತ್ತೆ ಆ ಬ-ಲ-ಮ ಬರೆಯತೊಡಗಿದರು. ಇದಕ್ಕೂ ಹೊರತಾಗಿ ಎಂದೂ ಕಡಿಯದೆ ಬಂದದ್ದು 260 ದಿನಗಳ ಪಂಚಾಂಗ. ಕಿಚೆ ನಾಡಿನ ಮೊಮೊಸ್ತೆನಾಂಗೊದಲ್ಲಿ ‘ಅಹ್‌ಕಿಹ್’ ಎಂಬ ದಿನಗಣಕರು ಇಂದೂ ಅದನ್ನು ಎಣಿಸುತ್ತಾರೆ. ‘ಕಿಹ್’ ಎಂದರೆ ಸೂರ್ಯನೂ ಹೌದು, ದಿನವೂ ಹೌದು, ನಾವು ‘ಹೊತ್ತು’ ಎನ್ನುವ ಹಾಗೆ.

ಇದರರ್ಥ ಎಲ್ಲವೂ ಕ್ಷೇಮವೆಂದಲ್ಲ. ಗ್ವಾಟೆಮಾಲಾದ ಕಿಚೆ ಮತ್ತು ಕೆಕ್ಚಿ ನುಡಿಗಳನ್ನು ಆಡುವವರು ಒಂದೊಂದಕ್ಕೂ ಹತ್ತು ಲಕ್ಷದ ಆಸುಪಾಸು, ಯುಕಾಟೆಕ್ ಆಡುವವರು ಏಳೂವರೆ ಲಕ್ಷ ದಾಟುತ್ತಾರೆ. ಆದರೆ ನೋಹ್‌ಪೆತೆನ್ ಕಟ್ಟಿದ ಜನರ ಇಟ್ಸಾ ನುಡಿಯನ್ನು ಚೆನ್ನಾಗಿ ಬಲ್ಲವರು ಬೆರಳೆಣಿಕೆಯ ಹಿರಿಯರು, ಚಿಯಾಪಾಸಿನ ಚಿಕೊಮುಸೆಲ್ತೆಕ್ ಕಳೆದ ಶತಮಾನದಲ್ಲಿ ಪೂರ್ತಿ ಅಳಿಯಿತು. ಪಟ್ಟಣ ಸೇರಿದ ಮನೆಗಳಲ್ಲಿ ಅಜ್ಜಿಗೆ ಕಿಚೆ, ಮೊಮ್ಮಗುವಿಗೆ ಸ್ಪ್ಯಾನಿಷ್ ಎಂಬ ಸ್ಥಿತಿ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಾದದ್ದಲ್ಲ.

ಇನ್ನು ದುಭಾಷಿಗಳ ವಿಷಯ. ಯುದ್ಧದ ಕಾಲದಿಂದ ಮೊದಲಾಗಿ ಬಡತನದ ಕಾರಣಕ್ಕೆ ಇಂದಿಗೂ ಸಾವಿರಾರು ಮಾಯಾ ಜನ ಅಮೆರಿಕಕ್ಕೆ ವಲಸೆ ಹೋಗುತ್ತಿದ್ದಾರೆ, ಕ್ಯಾಲಿಫೋರ್ನಿಯಾದ ಓಕ್‌ಲ್ಯಾಂಡ್‌ನಲ್ಲಿ ಮಾಮ್ ಎಂಬ ಮಾಯಾ ನುಡಿಯ ಭಾಷಿಕರ ದೊಡ್ಡ ಸಮುದಾಯವೇ ಇದೆ. ಗ್ವಾಟೆಮಾಲಾದವರು ಎಂದ ಮಾತ್ರಕ್ಕೆ ಅವರಿಗೆ ಸ್ಪ್ಯಾನಿಷ್ ದುಭಾಷಿಯನ್ನು ಕೊಟ್ಟರೆ, ಆಶ್ರಯ ಬೇಡಲು ಬಂದವರು ತಮ್ಮ ಕಥೆಯನ್ನು ಅರೆಬರೆ ಬಲ್ಲ ಭಾಷೆಯಲ್ಲಿ ಹೇಳಬೇಕಾಗುತ್ತದೆ. ‘ಮಾಯಾ ದುಭಾಷಿ’ ಎಂದು ಯಾರನ್ನೋ ಕರೆಸಿದರೂ ಪ್ರಯೋಜನವಿಲ್ಲ, ಮಾಮ್‌ಗೆ ಮಾಮ್ ಬಲ್ಲವರೇ ಬೇಕು, ಇಶಿಲ್‌ಗೆ ಇಶಿಲ್ ಬಲ್ಲವರೇ ಬೇಕು. ಹೀಗಾಗಿ ಅನುಭವಿಗಳು ಭಾಷೆಗಿಂತ ಮೊದಲು ಊರನ್ನು ಕೇಳುತ್ತಾರೆ. ತೊದೊಸ್ ಸಾಂತೊಸ್ ಎಂದರೆ ಮಾಮ್, ನೆಬಾಹ್ ಎಂದರೆ ಇಶಿಲ್, ಮೊಮೊಸ್ತೆನಾಂಗೊ ಎಂದರೆ ಕಿಚೆ, ಕೊಬಾನ್ ಎಂದರೆ ಕೆಕ್ಚಿ.